ತೂಕಕ್ಕೆ ಹಾಕುವ ಮುಂಚೆ ಒಂದು ಸಲ ಕೇಳಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ಬೆಳಿಗ್ಗೆ ಮೈಸೂರಿನ ಮಂಡಿ ಮೊಹಲ್ಲಾ ಕಡೆಯ ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ಹಳೇ ವಾಲ್ವ್ ರೇಡಿಯೊ ಒಂದಕ್ಕೆ ಟ್ರಾನ್ಸ್‌ಫಾರ್ಮರ್ ಬೇಕಿತ್ತು, ಸಿಕ್ಕರೆ ಸಿಗಲಿ ಅಂತ. ಅಂಗಡಿ ಹುಡುಗ ಆಟೋದಿಂದ ಒಂದು ಗೋಣಿಚೀಲ ಇಳಿಸಿ ದೊಪ್ಪನೆ ನೆಲಕ್ಕೆ ಬಿಟ್ಟ. ಹೆಂಚು ಒಡೆದ ಹಾಗೆ ಸದ್ದಾಯಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಓಡಿ ಹೋಗಿ ಚೀಲದ ಬಾಯಿ ಬಿಚ್ಚಿದೆ. ಒಳಗೆ 78 ಆರ್‌ಪಿಎಂನ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ, ಹಳೇ ಗ್ರಾಮಫೋನ್ ತಟ್ಟೆಗಳು. 40 ಇದ್ದಿರಬಹುದು, ಅರ್ಧಕ್ಕರ್ಧ ಚೂರು.

ಯಾರದ್ದೋ ಅಜ್ಜನ ಮನೆ ಖಾಲಿ ಮಾಡಿದರಂತೆ. ಹಳೇ ಪೇಪರ್ ಜೊತೆಗೆ ಇವನ್ನೂ ತೂಕಕ್ಕೆ ಹಾಕಿದರಂತೆ. ಎರಡು ತುಂಡಾಗಿದ್ದ ಒಂದು ತಟ್ಟೆಯನ್ನು ಕೈಯಲ್ಲಿ ಜೋಡಿಸಿ ಹಿಡಿದೆ. ಲೇಬಲ್ ಮೇಲೆ ವೀಣೆ ಅಂತ ಇತ್ತು, ನುಡಿಸಿದವರ ಹೆಸರು ಒಡೆದ ಗೆರೆಯಲ್ಲೇ ಹೋಗಿತ್ತು. ಎಷ್ಟು ಚೆನ್ನಾಗಿ ಕೂಡಿತು ಅಂದರೆ ಬಿರುಕೇ ಕಾಣಲಿಲ್ಲ. ಆದರೆ ಅದನ್ನು ಇನ್ನು ಯಾರೂ ಕೇಳುವ ಹಾಗಿಲ್ಲ. ಸರಿಯಾಗಿದ್ದ 14 ತಟ್ಟೆಗಳನ್ನು ಅಂಗಡಿಯವನು ಹೇಳಿದ ದುಡ್ಡು ಕೊಟ್ಟು ತಂದೆ. ಮನೆಗೆ ಬಂದು ಊಟ ಸೇರಲಿಲ್ಲ. ಅದಕ್ಕೇ ಈ ಪತ್ರ.

ನಾನು ಸಂಗೀತಗಾರನಲ್ಲ, ಎಂಜಿನಿಯರೂ ಅಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹಳೇ ಶಾಸ್ತ್ರೀಯ ಸಂಗೀತದ ತಟ್ಟೆಗಳನ್ನು ಕೇಳೋದು, ಅವನ್ನು ಹಾಡಿಸುವ ಹಳೇ ಯಂತ್ರಗಳನ್ನು ಸರಿಮಾಡಿ ಇಟ್ಟುಕೊಳ್ಳೋದು, ಇದು 30 ವರ್ಷದಿಂದ ನನ್ನ ಹವ್ಯಾಸ. ಶುರುವಾಗಿದ್ದು ಅಪ್ಪನಿಂದ. ಅವರ ಹತ್ತಿರ ಒಂದು ಎಚ್‌ಎಂವಿ ಫಿಯೆಸ್ಟಾ ಇತ್ತು. ಸೂಟ್‌ಕೇಸ್ ಥರ ಮುಚ್ಚಳ ಮುಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗಬಹುದಾದ ಪ್ಲೇಯರ್. ಶನಿವಾರ ರಾತ್ರಿ ಊಟ ಆದ ಮೇಲೆ ದೀಪ ಆರಿಸಿ, ಕಿಟಕಿ ತೆಗೆದು, ಒಂದೇ ಒಂದು ಎಲ್‌ಪಿ, ಅಂದರೆ ನಿಧಾನವಾಗಿ ತಿರುಗಿ ಹೆಚ್ಚು ಹೊತ್ತು ಹಾಡುವ ತಟ್ಟೆ, ಹಾಕುತ್ತಿದ್ದರು. ಮಧ್ಯೆ ಮಾತಾಡುವ ಹಾಗಿಲ್ಲ. ಒಂದು ಮಗ್ಗುಲು ಮುಗಿದ ಮೇಲೆ ತಟ್ಟೆ ತಿರುಗಿಸುವ ಕೆಲಸ ನನ್ನದು. ಅಂಚು ಮಾತ್ರ ಹಿಡಿಯಬೇಕು, ಬೆರಳು ಗೆರೆಗೆ ತಾಗಬಾರದು. ಎಂಟನೇ ವಯಸ್ಸಿನಲ್ಲಿ ಅಷ್ಟು ಜೋಪಾನವಾಗಿ ನಾನು ಬೇರೆ ಏನನ್ನೂ ಹಿಡಿದಿದ್ದು ನೆನಪಿಲ್ಲ. ಈಗಲೂ ತಟ್ಟೆ ತಿರುಗಿಸುವಾಗ ಅಪ್ಪ ಹಿಂದೆ ನಿಂತು ನೋಡುತ್ತಿದ್ದಾರೆ ಅನ್ನಿಸುತ್ತದೆ.

ಇದು ದುಡ್ಡಿದ್ದವರ ಶೋಕಿ, ಫಾರಿನ್‌ನಿಂದ ಬಂದ ಹೊಸ ಫ್ಯಾಷನ್ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಂಥವರಿಗೆ ನಮ್ಮ ಊರಿನ ಕಥೆಯನ್ನೇ ಹೇಳಬೇಕು. ಜಯಚಾಮರಾಜೇಂದ್ರ ಒಡೆಯರ್ ಅವರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ್ದು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಅವರು ರೆಕಾರ್ಡುಗಳ ಎಂಥ ಪ್ರೇಮಿಯಾಗಿದ್ದರು ಅನ್ನೋದು ಅಷ್ಟು ಗೊತ್ತಿಲ್ಲ. ಅವರ ಹತ್ತಿರ ಸುಮಾರು 20,000 ರೆಕಾರ್ಡುಗಳಿದ್ದವು ಅಂತ ಆಗಿನ ಅಂದಾಜು. ಲಂಡನ್ನಿನ ಹೆಸರಾಂತ ರೆಕಾರ್ಡಿಂಗ್ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದು ನೋಡಿ ಬೆರಗಾಗಿ ಹೋದ. ಗಂಭೀರ ಸಂಗೀತ ಅಂತ ಏನೇನು ರೆಕಾರ್ಡಾಗಿದೆಯೋ ಎಲ್ಲ ಆ ಅರಮನೆಯಲ್ಲಿತ್ತು, ಬಗೆಬಗೆಯ ಸ್ಪೀಕರ್‌ಗಳಿದ್ದವು, ದೊಡ್ಡ ಪಿಯಾನೊಗಳಿದ್ದವು ಅಂತ ಆಮೇಲೆ ಅವನು ನೆನಪು ಮಾಡಿಕೊಂಡಿದ್ದಾನೆ. ಮಹಾರಾಜರಿಗೆ ಆಗ ಇನ್ನೂ 30 ತುಂಬಿರಲಿಲ್ಲ. ಬಗೆಬಗೆಯ ಸ್ಪೀಕರ್ ಇಟ್ಟುಕೊಂಡು ಯಾವುದರಲ್ಲಿ ಹೇಗೆ ಕೇಳುತ್ತದೆ ಅಂತ ನೋಡುವವರು ನಮ್ಮಂಥವರೇ ಅಲ್ವಾ? ಇದನ್ನು ಓದಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅವರು ಬರೀ ಕೂಡಿಡಲಿಲ್ಲ. ನಿಕೊಲಾಯ್ ಮೆಟ್ನರ್ ಅಂತ ರಷ್ಯಾದ ಒಬ್ಬ ಸಂಗೀತಕಾರ ಲಂಡನ್ನಿನಲ್ಲಿ ಬಡತನ, ಕಾಯಿಲೆ ಎರಡನ್ನೂ ಹೊತ್ತುಕೊಂಡು ಬದುಕುತ್ತಿದ್ದ. ಅವನ ಸಂಗೀತವನ್ನು ಕೇಳುವವರೇ ಕಡಿಮೆಯಾಗಿದ್ದರು. ಮೈಸೂರಿನಲ್ಲಿ ಕೂತ ಮಹಾರಾಜರಿಗೆ ಆ ಸಂಗೀತ ಹಿಡಿಸಿತು. ಮೆಟ್ನರ್ ಸೊಸೈಟಿ ಅಂತ ಮಾಡಿ, ಖರ್ಚನ್ನು ತಾವೇ ವಹಿಸಿಕೊಂಡು, ಆ ಮನುಷ್ಯನೇ ತನ್ನ ಕೃತಿಗಳನ್ನು ಪಿಯಾನೊದಲ್ಲಿ ನುಡಿಸಿ ಎಚ್‌ಎಂವಿಗೆ ರೆಕಾರ್ಡ್ ಮಾಡುವ ಹಾಗೆ ಮಾಡಿದರು. ಅವನ ಮೂರು ಪಿಯಾನೊ ಕನ್ಸರ್ಟೊಗಳು, ಅಂದರೆ ಪಿಯಾನೊ ಮುಂದಿದ್ದು ಆರ್ಕೆಸ್ಟ್ರಾ ಜೊತೆಗೂಡುವ ದೊಡ್ಡ ಕೃತಿಗಳು, ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ರೆಕಾರ್ಡಾದವು. ಆಗಿನ 12 ಇಂಚಿನ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಹಿಡಿದರೆ ಹೆಚ್ಚು. ಅರ್ಧ ಗಂಟೆಯ ಒಂದು ಕನ್ಸರ್ಟೊ ಕೇಳಬೇಕಾದರೆ ಎಷ್ಟು ಸಲ ಎದ್ದು ತಟ್ಟೆ ತಿರುಗಿಸಬೇಕು, ಲೆಕ್ಕ ಹಾಕಿ. ಮೆಟ್ನರ್ ತನ್ನ ಮೂರನೇ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ಆ ರೆಕಾರ್ಡುಗಳು ಆಗದೆ ಹೋಗಿದ್ದರೆ ಅವನು ತನ್ನ ಸಂಗೀತವನ್ನು ಹೇಗೆ ನುಡಿಸುತ್ತಿದ್ದ ಅಂತ ಇವತ್ತು ಪ್ರಪಂಚಕ್ಕೆ ಸರಿಯಾಗಿ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ಸಂಗತಿ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚೆ ಬರೆದ ನಾಲ್ಕು ಹಾಡುಗಳನ್ನು ಮೊಟ್ಟಮೊದಲು ಹಾಡಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಟ್, ಆರ್ಕೆಸ್ಟ್ರಾ ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಾರ್ಯಕ್ರಮಕ್ಕೆ 4,800 ಡಾಲರ್ ಖಾತರಿ ನಿಂತವರು ನಮ್ಮ ಮಹಾರಾಜರು. ಯಾಕೆ ಗೊತ್ತಾ? ಅದನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಿಕೊಡಲಿ ಅಂತ! ಸಂಗೀತ ಎಲ್ಲೋ ನಡೆಯುತ್ತಿದೆ, ನಾನು ಇಲ್ಲಿದ್ದೇನೆ, ಹೇಗಾದರೂ ಕೇಳಲೇಬೇಕು. ಈ ಹಸಿವು ನನಗೆ ಗೊತ್ತು. ಆ ಸಂದರ್ಭದ ಧ್ವನಿ ಈಗಲೂ ಕೇಳಲು ಸಿಗುತ್ತದೆ. ಗರಗರ ಜಾಸ್ತಿ ಇದೆ. ಆದರೆ ಆ ಗರಗರದ ಹಿಂದಿನಿಂದ ಆ ದನಿ ಎದ್ದು ಬರುವಾಗ ಮೈ ಜುಮ್ ಅನ್ನುತ್ತದೆ.

ಅದಕ್ಕೂ ಹಿಂದಕ್ಕೆ ಹೋಗೋಣ. ಭಾರತದಲ್ಲಿ ಮೊದಮೊದಲು ರೆಕಾರ್ಡಾದ ದನಿಗಳಲ್ಲಿ ಬಹಳ ಹೆಸರಾಗಿದ್ದು ಗೌಹರ್ ಜಾನ್ ಅವರದು. 1902ರ ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ರೆಕಾರ್ಡ್ ಮಾಡಿಕೊಂಡ. ಆಗ ರೆಕಾರ್ಡಿಂಗಿಗೆ ಮೈಕ್ ಇಲ್ಲ, ಕರೆಂಟ್ ಇಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕು. ಮೂರು ನಿಮಿಷಕ್ಕೆ ಮುಗಿಸಬೇಕು. ಮುಗಿದ ತಕ್ಷಣ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುತ್ತಾರೆ. ನಾನು ಮೊದಲು ಇದನ್ನು ಠೀವಿ ಅಂತ ತಿಳಿದಿದ್ದೆ. ಅಸಲು ಕಾರಣ ಬೇರೆ. ಆಗ ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸದವರಿಗೆ ಇದು ಯಾರ ಹಾಡು ಅಂತ ಗೊತ್ತಾಗೋದು ಹೇಗೆ? ಹೆಸರು ಕೇಳಿಸಿಕೊಂಡು ಲೇಬಲ್ ಅಂಟಿಸಲಿ ಅಂತ ಆ ಏರ್ಪಾಟು. ಕಲ್ಕತ್ತಾದ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಅಷ್ಟು ದೊಡ್ಡ ಹೆಸರು ಮಾಡಿದ ಆಕೆ ಕೊನೆಗಾಲಕ್ಕೆ ಬಂದು ಸೇರಿದ್ದು ಮೈಸೂರನ್ನೇ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1928ರಲ್ಲಿ ಆಸ್ಥಾನ ವಿದುಷಿಯಾಗಿ ಕರೆಸಿಕೊಂಡರು. ಒಂದೂವರೆ ವರ್ಷವೂ ತುಂಬಲಿಲ್ಲ, 1930ರ ಜನವರಿಯಲ್ಲಿ ಇಲ್ಲೇ ಕಣ್ಮುಚ್ಚಿದರು. ಈ ಊರಿನಲ್ಲಿ ತಟ್ಟೆಗಳು ಗೋಣಿಚೀಲದಲ್ಲಿ ಬಿದ್ದು ಒಡೆದಾಗ ನನಗೆ ಹೊಟ್ಟೆ ಉರಿಯೋದು ಸುಮ್ನೆ ಅಲ್ಲ.

ನನ್ನ ಮಗಳು ಕೇಳುತ್ತಾಳೆ, ಅಪ್ಪ ಎಲ್ಲ ಯೂಟ್ಯೂಬಲ್ಲಿ ಇದೆಯಲ್ಲ ಅಂತ. ಎಷ್ಟೋ ಇದೆ, ನಿಜ. ನಾನೂ ಕೇಳುತ್ತೇನೆ. ಬೆಂಗಳೂರಿನಲ್ಲಿ ಶುರುವಾದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನವರು ಹಳೇ ತಟ್ಟೆಗಳ ಧ್ವನಿಯನ್ನು ಅಂತರ್ಜಾಲಕ್ಕೆ ಏರಿಸಿದ್ದಾರೆ, ಅವರಿಗೆ ಎಷ್ಟು ಕೈ ಮುಗಿದರೂ ಸಾಲದು. ಆದರೆ ಅಲ್ಲಿಗೆ ಏರಬೇಕಾದರೂ ಮೊದಲು ಯಾರದ್ದೋ ಮನೆಯ ಅಟ್ಟದಲ್ಲಿ ಒಂದು ತಟ್ಟೆ ಒಡೆಯದೆ ಉಳಿದಿರಬೇಕು ಅಲ್ವಾ? ಇನ್ನೊಂದು ಕಷ್ಟ ಇದೆ. ಯಾರೋ ಸ್ಪೀಡು ಸರಿಯಾಗಿ ಇಡದೆ ರೆಕಾರ್ಡ್ ಮಾಡಿ ಹಾಕಿರುತ್ತಾರೆ. ಶ್ರುತಿ ಅರ್ಧ ಸ್ವರದಷ್ಟು ಮೇಲೆ ಹೋಗಿರುತ್ತದೆ. ನಾವು ಅದೇ ಆ ಗಾಯಕರ ದನಿ ಅಂತ ನಂಬಿಬಿಡುತ್ತೇವೆ. ಮೊದಮೊದಲಿನ ತಟ್ಟೆಗಳು 78ಕ್ಕೇ ಸರಿಯಾಗಿ ಇರಲಿಲ್ಲ, ಹೆಚ್ಚು ಕಡಿಮೆ ಇದ್ದವು. ಮನೆಯಲ್ಲಿ ಪ್ಲೇಯರ್ ಇದ್ದರೆ ಶ್ರುತಿಪೆಟ್ಟಿಗೆ ಪಕ್ಕಕ್ಕಿಟ್ಟುಕೊಂಡು, ಸ್ಪೀಡನ್ನು ಕೂದಲೆಳೆಯಷ್ಟು ಆಚೆ ಈಚೆ ಮಾಡುತ್ತಾ ಹೋಗಬಹುದು. ಒಂದು ಕಡೆ ಬಂದಾಗ ದನಿ ಇದ್ದಕ್ಕಿದ್ದ ಹಾಗೆ ಮನುಷ್ಯನ ದನಿ ಆಗುತ್ತದೆ. ಎದೆ ಇರುವ, ಉಸಿರು ಇರುವ ದನಿ. ಆ ಗಳಿಗೆಗೋಸ್ಕರ ನಾನು ಎಷ್ಟು ರಾತ್ರಿ ಬೇಕಾದರೂ ನಿದ್ದೆಗೆಡುತ್ತೇನೆ.

ಗಂಗೂಬಾಯಿ ಹಾನಗಲ್ ಅವರ ಉದಾಹರಣೆಯನ್ನೇ ತೆಗೆದುಕೊಳ್ಳಿ. ಗಂಗೂಬಾಯಿ ಅಂದ ಕೂಡಲೇ ನಮ್ಮ ಕಿವಿಗೆ ಬರೋದು ಆ ಗಡಸು, ಆಳವಾದ, ಗಂಡು ದನಿ. ರೇಡಿಯೊದಲ್ಲಿ, ಎಲ್‌ಪಿಯಲ್ಲಿ ನಾವು ಕೇಳಿ ಬೆಳೆದದ್ದು ಅದೇ. 1930ರ ದಶಕದಲ್ಲಿ ಅವರು ಎಚ್‌ಎಂವಿಗೆ ಹಾಡಿದ ತಟ್ಟೆಗಳಲ್ಲಿ ಗಾಂಧಾರಿ ಅಂತ ಹೆಸರಿದೆ. ಅವರ ಹುಟ್ಟು ಹೆಸರು ಅದು. ಆ ತಟ್ಟೆ ಹಾಕಿದರೆ ಬರುವ ದನಿ ತೆಳ್ಳಗೆ, ಮೇಲಿನ ಶ್ರುತಿಯಲ್ಲಿ, ನೀರಿನ ಹಾಗೆ ಹರಿಯುವ ಹುಡುಗಿಯ ದನಿ. ಆಮೇಲೆ ಗಂಟಲಿನ ತೊಂದರೆಯಾಗಿ, ಚಿಕಿತ್ಸೆಯಾಗಿ, ದನಿಯೇ ಬದಲಾಗಿ ಹೋಯಿತು. ಆಕೆ ಎದೆಗುಂದಲಿಲ್ಲ, ಬಂದ ದನಿಯಲ್ಲೇ ಹೊಸದಾಗಿ ಹಾಡು ಕಟ್ಟಿಕೊಂಡರು. ಮೊದಲಿನ ದನಿಯ ಒಂದು ತಟ್ಟೆ, ಆಮೇಲಿನ ದನಿಯ ಒಂದು ತಟ್ಟೆ, ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ ನೋಡಿ. ಒಬ್ಬ ಹೆಣ್ಣುಮಗಳ ಇಡೀ ಬದುಕು ನಿಮ್ಮ ಕೋಣೆಯಲ್ಲಿ ಅರ್ಧ ಗಂಟೆಯಲ್ಲಿ ನಡೆದುಹೋಗುತ್ತದೆ. ನನ್ನ ಹೆಂಡತಿಗೆ ಸಂಗೀತದ ಹುಚ್ಚು ಅಷ್ಟಿಲ್ಲ. ಮೊದಲ ಸಲ ಹೀಗೆ ಕೇಳಿಸಿದಾಗ ಅವಳು ಎದ್ದು ಬಂದು, ಇದು ಇವರೇನಾ ಅಂತ ಎರಡು ಸಲ ಲೇಬಲ್ ಓದಿದಳು.

ಮೂರು ನಿಮಿಷದ ಹಾಡು ಅಂದರೆ ಅರೆಬರೆ ಅಂದುಕೊಳ್ಳಬೇಡಿ. ಉಸ್ತಾದ್ ಅಬ್ದುಲ್ ಕರೀಂ ಖಾನರು ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. ಮೈಸೂರು ಅರಮನೆಗೂ ಬಂದು ಹೋಗುತ್ತಿದ್ದವರು. ಅವರ ಝಿಂಝೋಟಿ ಠುಮರಿಯ ತಟ್ಟೆ ಕೇಳಿದರೆ ಗೊತ್ತಾಗುತ್ತದೆ, ಒಂದು ಸ್ವರ ಕೂಡ ಹೆಚ್ಚಿಲ್ಲ, ಒಂದು ಕೂಡ ಕಮ್ಮಿ ಇಲ್ಲ. ಅದೇ ತಟ್ಟೆಯನ್ನು ಗದುಗಿನ ಹುಡುಗ ಭೀಮಸೇನ ಜೋಶಿ ಎಲ್ಲೋ ಕೇಳಿಸಿಕೊಂಡ. ಅದು ತಲೆಯಿಂದ ಇಳಿಯಲೇ ಇಲ್ಲ. 11ನೇ ವಯಸ್ಸಿಗೆ, 1933ರಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದ. ಒಂದು ಅರಗಿನ ತಟ್ಟೆ ಮಾಡಿದ ಕೆಲಸ ಅದು. ಅಂಥ ತಟ್ಟೆಗಳನ್ನು ನಾವು ಕಿಲೋ ಲೆಕ್ಕದಲ್ಲಿ ಕೊಡುತ್ತಿದ್ದೇವೆ. ಇಲ್ಲವೇ ಬಣ್ಣ ಬಳಿದು ಗೋಡೆ ಗಡಿಯಾರ ಮಾಡುತ್ತಿದ್ದೇವೆ. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಎಲ್‌ಪಿಗಳಿಗೆ ಮೊಳೆ ಹೊಡೆದು ಗೋಡೆ ತುಂಬಾ ಜಡಿದಿದ್ದರು. ನನ್ನ ಮೇಜಿನ ಮೇಲುಗಡೆ ಇದ್ದದ್ದು ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ. ಕಾಫಿ ಕುಡಿಯಲು ಮನಸ್ಸಾಗಲಿಲ್ಲ, ಎದ್ದು ಬಂದೆ.

ಇನ್ನು ಯಂತ್ರಗಳ ವಿಷಯ. ಇದರಲ್ಲೂ ನಮ್ಮವರದ್ದೇ ಒಂದು ದೊಡ್ಡ ಪಾಲಿದೆ. ಹಳೇ ಆಂಪ್ಲಿಫೈಯರ್, ರೇಡಿಯೊಗಳಲ್ಲಿ ಟ್ರಾನ್ಸಿಸ್ಟರ್ ಇರುವುದಿಲ್ಲ, ಗಾಜಿನ ವಾಲ್ವ್‌ಗಳಿರುತ್ತವೆ. ಆನ್ ಮಾಡಿ ಅರ್ಧ ನಿಮಿಷ ಕಾಯಬೇಕು. ಒಳಗಿನ ತಂತಿ ಮೆಲ್ಲಗೆ ಕೆಂಪಗಾಗುತ್ತದೆ, ಆಮೇಲೆ ದನಿ ಬರುತ್ತದೆ. ಇಂಥ ವಾಲ್ವ್‌ಗಳನ್ನು ನಮ್ಮ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲಿ ಮಾಡುತ್ತಿದ್ದರು. ಗಾಜಿನ ಮೇಲೆ ಬಿಇಎಲ್ ಅಂತ ಅಚ್ಚು ಹಾಕಿರುವ ಇಎಲ್84, ಇಸಿಸಿ83 ವಾಲ್ವ್‌ಗಳು ನನ್ನ ಆಂಪ್ಲಿಫೈಯರಿನಲ್ಲಿ ಇವತ್ತಿಗೂ ಉರಿಯುತ್ತಿವೆ. ಫಾರಿನ್‌ನಲ್ಲಿ ಕೂಡ ಇವನ್ನು ಹುಡುಕಿ ಕೊಳ್ಳುವವರಿದ್ದಾರೆ. ಬೆಂಗಳೂರಿನ ಹೆಣ್ಣುಮಕ್ಕಳು, ಗಂಡುಮಕ್ಕಳು ಲೈನಿನಲ್ಲಿ ಕೂತು ಕೈಯಾರೆ ಮಾಡಿದ ಸಾಮಾನು. ಎಸ್‌ಪಿ ರಸ್ತೆಯ ಹಳೇ ಅಂಗಡಿಗಳಲ್ಲಿ ಡಬ್ಬಿ ಬಿಚ್ಚದ ವಾಲ್ವ್ ಕಂಡರೆ ನಾನು ಚೌಕಾಸಿ ಮಾಡುವುದಿಲ್ಲ.

ಅಟ್ಟದ ಮೇಲಿಂದ ಹಳೇ ರೇಡಿಯೊ ಇಳಿಸಿದವರಿಗೆ ಒಂದು ಮಾತು, ದಯವಿಟ್ಟು ಕೇಳಿ. ನೇರವಾಗಿ ಪ್ಲಗ್ಗಿಗೆ ಚುಚ್ಚಬೇಡಿ. 30–40 ವರ್ಷ ಸುಮ್ಮನೆ ಬಿದ್ದಿದ್ದ ಸೆಟ್ಟಿನೊಳಗೆ ಕೆಪಾಸಿಟರ್‌ಗಳು, ಅಂದರೆ ಕರೆಂಟನ್ನು ಹಿಡಿದಿಟ್ಟುಕೊಳ್ಳುವ ಭಾಗಗಳು, ಒಣಗಿ ಹೋಗಿರುತ್ತವೆ. ಕರೆಂಟ್ ಕೊಟ್ಟ ತಕ್ಷಣ ಶಾರ್ಟ್ ಆಗಿ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಮುಗಿಯಿತು, ಅದನ್ನು ಮತ್ತೆ ಸುತ್ತಿ ಕೊಡುವವರು ಈಗ ಬೆರಳೆಣಿಕೆಯಷ್ಟು. ನನ್ನ ಗುರುಗಳು ಅಂದರೆ ದೇವರಾಜ ಮಾರ್ಕೆಟ್ ಹಿಂಬದಿ ಒಂದು ಗೂಡಂಗಡಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯರು. ಅವರು ಹೇಳಿಕೊಟ್ಟ ಉಪಾಯ ಸೀರೀಸ್ ಬಲ್ಬ್. ರೇಡಿಯೊಗೆ ಹೋಗುವ ಒಂದು ತಂತಿಯ ನಡುವೆ ಹಳೇ ಥರದ 60 ಅಥವಾ 100 ವ್ಯಾಟಿನ ಬಲ್ಬ್ ಹಾಕುವುದು. ಎಲ್‌ಇಡಿ ಆಗುವುದಿಲ್ಲ, ಒಳಗೆ ತಂತಿ ಇರುವ ಬಲ್ಬೇ ಆಗಬೇಕು. ಬಲ್ಬ್ ಧಗ್ ಅಂತ ಪೂರ್ತಿ ಉರಿದು ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ, ತಕ್ಷಣ ಆರಿಸಿ. ಒಂದು ಸಲ ಬೆಳಗಿ ಮಂದವಾದರೆ ಸೆಟ್ಟಿಗೆ ಜೀವ ಇದೆ ಅಂತ ಅರ್ಥ. ಇದನ್ನೂ ಕೆಲಸ ಗೊತ್ತಿರುವವರೇ ಮಾಡಬೇಕು. ಪ್ಲಗ್ ಕಿತ್ತ ಮೇಲೂ ಒಳಗೆ 250–300 ವೋಲ್ಟ್ ಉಳಿದಿರಬಹುದು, ಕೈ ಹಾಕಿದರೆ ಪ್ರಾಣಕ್ಕೇ ಅಪಾಯ. ಆ ಹಿರಿಯರು ಯಾವಾಗಲೂ ಎಡಗೈಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಕೆಲಸ ಮಾಡುತ್ತಿದ್ದರು. ಎರಡೂ ಕೈ ಒಳಗೆ ಹಾಕಿದರೆ ಕರೆಂಟ್ ಎದೆ ಮೇಲೆ ಹಾದುಹೋಗುತ್ತದೆ ಕಣಪ್ಪ ಅನ್ನುತ್ತಿದ್ದರು. ಈಗ ಅವರಿಲ್ಲ. ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಅವರ ಜೊತೆ ಎಷ್ಟು ವಿದ್ಯೆ ಹೋಯಿತು ಅಂತ ನೆನೆದರೆ ಸಂಕಟ ಆಗುತ್ತದೆ. ನಾನು ಕಲಿತುಕೊಂಡದ್ದು ಅದರಲ್ಲಿ ಒಂದು ಚಮಚೆಯಷ್ಟು.

ತಟ್ಟೆಗಳ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪು ಹೇಳಬೇಕು, ಬೇರೆಯವರು ಮಾಡದಿರಲಿ. ತಿರುಮಕೂಡಲು ಚೌಡಯ್ಯನವರ ಏಳು ತಂತಿಯ ಪಿಟೀಲಿನ ಹೆಸರು ಕೇಳದವರಿಲ್ಲ. ಅವರ ಒಂದು ತಟ್ಟೆ ನನಗೆ 20 ವರ್ಷದ ಹಿಂದೆ ಸಿಕ್ಕಿತು. ಮೇಲೆಲ್ಲ ಜಿಡ್ಡು, ಧೂಳು. ಎಲ್‌ಪಿ ಒರೆಸಲು ಸ್ಪಿರಿಟ್ ಬೆರೆಸಿದ ನೀರು ಬಳಸುತ್ತಿದ್ದೆ, ಅದೇ ಬಾಟಲಿ ತೆಗೆದುಕೊಂಡು ಹತ್ತಿಯಲ್ಲಿ ಒರೆಸಿದೆ. ಹತ್ತಿ ಕಪ್ಪಗಾಯಿತು. ಎಷ್ಟು ಕೊಳೆ ಬಂತು ಅಂತ ಖುಷಿಪಟ್ಟು ಇನ್ನೂ ಒತ್ತಿ ಒರೆಸಿದೆ. ಅದು ಕೊಳೆ ಆಗಿರಲಿಲ್ಲ, ತಟ್ಟೆಯೇ ಕರಗಿ ಬರುತ್ತಿತ್ತು. 78ರ ತಟ್ಟೆ ಅಂದರೆ ಅರಗು, ಕಲ್ಲಿನ ಪುಡಿ, ಕಾಡಿಗೆಯಂಥ ಕರಿ ಸೇರಿಸಿ ಒತ್ತಿದ್ದು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಏರಿಸುವುದೂ ಅರಗಿನಿಂದಲೇ. ಬಡಗಿಗಳು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ತಾನೇ ಬಾಗಿಲಿಗೆ ಪಾಲಿಶ್ ಹಾಕೋದು? ಚಿಕ್ಕಂದಿನಿಂದ ನೋಡಿದ್ದೇನೆ, ಆ ಹೊತ್ತಿಗೆ ಹೊಳೆಯಲಿಲ್ಲ. ಒಣಗಿದ ಮೇಲೆ ಮುಳ್ಳು ಇಟ್ಟೆ. ಬರೀ ಬುಸ್ ಅನ್ನುವ ಸದ್ದು. ಅದರ ಅಡಿಯಲ್ಲಿ ಎಲ್ಲೋ ದೂರದಲ್ಲಿ ಪಿಟೀಲು. ಆ ತಟ್ಟೆಯನ್ನು ಇನ್ನೂ ಎಸೆದಿಲ್ಲ. ಈ 78ರ ತಟ್ಟೆಗೆ ಸ್ಪಿರಿಟ್, ಸೆಂಟ್, ಥಿನ್ನರ್ ಏನೂ ಸೋಕಿಸಬೇಡಿ. ತಣ್ಣೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬ್ರಷ್ಷು ಸಾಕು. ಗೆರೆಯ ಜೊತೆಗೇ ಸುತ್ತಲೂ ಒರೆಸಿ, ಲೇಬಲ್ ಒದ್ದೆಯಾಗದ ಹಾಗೆ ನೋಡಿಕೊಳ್ಳಿ, ನೆರಳಲ್ಲಿ ಒಣಗಿಸಿ.

ಮುಳ್ಳಿನ ಬಗ್ಗೆಯೂ ಹೇಳಿಬಿಡುತ್ತೇನೆ. ಈಗ ಹೊಸದಾಗಿ ಪ್ಲೇಯರ್ ಕೊಂಡ ಹುಡುಗರು ತಾತನ 78ರ ತಟ್ಟೆಯನ್ನು ಎಲ್‌ಪಿ ಮುಳ್ಳಿನಲ್ಲೇ ಹಾಕಿ, ಬರೀ ಗರಗರ ಅಂಕಲ್ ಅನ್ನುತ್ತಾರೆ. ಅನ್ನದೆ ಇನ್ನೇನು? 78ರ ಗೆರೆ ಎಲ್‌ಪಿ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಸಣ್ಣ ಮುಳ್ಳು ಗೆರೆಯ ತಳಕ್ಕೆ ಇಳಿದು ಅಲ್ಲಿನ ಕಸವನ್ನೇ ಕೆರೆಯುತ್ತದೆ. 78ಕ್ಕೆ ಅಂತಲೇ ಬೇರೆ ಮುಳ್ಳು ಸಿಗುತ್ತದೆ. ಹಿಂದಿನ ಅನೇಕ ಪ್ಲೇಯರುಗಳಲ್ಲಿ ಒಂದು ಚಿಕ್ಕ ಕಡ್ಡಿ ತಿರುಗಿಸಿದರೆ ಮುಳ್ಳು ಬದಲಾಗುತ್ತಿತ್ತು, ಎಲ್‌ಪಿ ಅಂತ ಒಂದು ಕಡೆ, 78 ಅಂತ ಇನ್ನೊಂದು ಕಡೆ ಬರೆದಿರುತ್ತಿತ್ತು. ಸರಿಯಾದ ಮುಳ್ಳು ಹಾಕಿದಾಗ ಆ ಹುಡುಗರ ಮುಖ ನೋಡಬೇಕು. ಕೀಲಿ ಕೊಡುವ ಗ್ರಾಮಫೋನ್ ಆದರೆ ಉಕ್ಕಿನ ಮುಳ್ಳನ್ನು ಒಂದೊಂದು ಮಗ್ಗುಲಿಗೂ ಬದಲಾಯಿಸಲೇಬೇಕು. ಹಳೇದನ್ನೇ ಬಳಸಿದರೆ ಅದು ಉಳಿಯ ಹಾಗೆ ಗೆರೆಯನ್ನು ಕೊರೆದುಬಿಡುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಎಲ್‌ಪಿ ಕವರ್ ಒಳಗೆ ಬೂಸ್ಟು ಬಂದಿದೆಯಾ ಅಂತ ಆಗಾಗ ತೆಗೆದು ನೋಡುತ್ತಿರಿ.

ಇದಕ್ಕೆಲ್ಲ ತುಂಬಾ ದುಡ್ಡು ಬೇಕು ಅನ್ನುವ ಮಾತಿಗೆ ನನ್ನ ಉತ್ತರ, ಬೇಡ. ಗ್ಯಾರಾರ್ಡ್, ಥೋರೆನ್ಸ್ ಕಂಪನಿಗಳ ಬೆಲೆಬಾಳುವ ಪ್ಲೇಯರ್ ಇದ್ದರೆ ಒಳ್ಳೆಯದೇ, ಅವುಗಳ ಕಟ್ಟುಮಸ್ತು ಬೇರೆಯೇ. ಆದರೆ ನಾನು ಬಹಳ ವರ್ಷ ಕೇಳಿದ್ದು ಅಪ್ಪನ ಫಿಯೆಸ್ಟಾದಲ್ಲೇ. ಮಲ್ಲಿಕಾರ್ಜುನ ಮನ್ಸೂರರು ಅದರಲ್ಲೂ ಮನ್ಸೂರರೇ. ಬೇಕಾಗಿರೋದು ಒಂದು ಗಂಟೆ ಸಮಯ, ಮೊಬೈಲ್ ಪಕ್ಕದ ಕೋಣೆಯಲ್ಲಿ ಬಿಟ್ಟು ಬರುವ ಮನಸ್ಸು. ನಿಮ್ಮ ಬೀದಿಯಲ್ಲಿ ಇಂಥ ತಟ್ಟೆ ಹಾಡಿಸುವ ಒಬ್ಬರು ಇರುತ್ತಾರೆ, ಹುಡುಕಿ, ಹೋಗಿ ಕೂತು ಕೇಳಿ. ನಮ್ಮ ಮನೆಗೆ ತಿಂಗಳಿಗೊಂದು ಶನಿವಾರ ಏಳೆಂಟು ಜನ ಬರುತ್ತಾರೆ. ಕುರ್ಚಿ ಸಾಲದೆ ಕೆಲವರು ಚಾಪೆ ಮೇಲೆ.

ನಿಮ್ಮ ಪತ್ರಿಕೆಯ ಮೂಲಕ ಒಂದು ಬೇಡಿಕೆ ಇದೆ. ನಮ್ಮ ದೊಡ್ಡ ಊರುಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಪುಸ್ತಕಕ್ಕೆ ಜಾಗ ಇರುವ ಹಾಗೆ ತಟ್ಟೆಗೂ ಒಂದು ಕಪಾಟು, ಒಂದು ಪ್ಲೇಯರ್, ಎರಡು ಹೆಡ್‌ಫೋನ್ ಇಡಲಿ. ಮನೆಯಲ್ಲಿ ಇಟ್ಟುಕೊಳ್ಳಲಾಗದವರು ಅಲ್ಲಿ ಕೊಟ್ಟುಹೋಗಲಿ. ಯಾರು ಬೇಕಾದರೂ ಬಂದು ಕೇಳಲಿ. ಯಂತ್ರ ಕೆಟ್ಟರೆ ಪುಕ್ಕಟೆ ರಿಪೇರಿ ಮಾಡಿಕೊಡಲು ನಾನಂತೂ ತಯಾರಿದ್ದೇನೆ, ನನ್ನಂಥವರು ಮೈಸೂರಿನಲ್ಲೇ ಇನ್ನೂ ನಾಲ್ಕು ಜನ ಇದ್ದಾರೆ.

ಕೊನೆಗೆ ಆ ಗೋಣಿಚೀಲದಿಂದ ಉಳಿದು ಬಂದ ಒಂದು ತಟ್ಟೆ ಬಗ್ಗೆ ಓದುಗರನ್ನು ಕೇಳಬೇಕು. 10 ಇಂಚಿನದು. ಲೇಬಲ್ಲನ್ನು ಜಿರಳೆ ಪೂರ್ತಿ ತಿಂದುಬಿಟ್ಟಿದೆ. ಲೇಬಲ್ ಪಕ್ಕ ತಟ್ಟೆಯ ಮೈಮೇಲೆ ನಂಬರ್ ಕೊರೆದಿರುತ್ತಾರೆ, ಅದಿದ್ದರೆ ಹುಡುಕಬಹುದಿತ್ತು, ಸರಿಯಾಗಿ ಅದೇ ಜಾಗದಲ್ಲಿ ಚಕ್ಕೆ ಎದ್ದಿದೆ. ತೊಳೆದು, ಒಣಗಿಸಿ, ಸೋಮವಾರ ರಾತ್ರಿ ಹಾಕಿದೆ. ಹಾರ್ಮೋನಿಯಂ ಶುರುವಾಗುತ್ತದೆ, ಆಮೇಲೆ ಒಬ್ಬ ಹೆಂಗಸಿನ ದನಿ. ಕನ್ನಡದ ದೇವರನಾಮ, ಕಾಪಿ ರಾಗ ಇರಬೇಕು ಅನ್ನಿಸುತ್ತದೆ. ಎರಡನೇ ಚರಣದಲ್ಲಿ ಆಕೆ ಮೇಲಿನ ಷಡ್ಜಕ್ಕೆ ಹೋಗಿ, ನಿಂತು, ಒಂದು ಸಣ್ಣ ನಡುಕದ ಜೊತೆ ಕೆಳಗೆ ಇಳಿಯುತ್ತಾರೆ. ಆ ಇಳಿಯುವ ರೀತಿಯನ್ನು ನಾನು ಬೇರೆ ಎಲ್ಲೂ ಕೇಳಿಲ್ಲ. ಹಾಡು ಮುಗಿದ ಮೇಲೆ ಆಕೆ ತಮ್ಮ ಹೆಸರು ಹೇಳುತ್ತಾರೆ. ಅಲ್ಲಿ ಗೀರು ಬಿದ್ದಿದೆ. 20 ಸಲ ಹಾಕಿ ಕೇಳಿದೆ. ಮೊದಲಿನದು ಹೋಗಿ ಕೊನೆಯಲ್ಲಿ “ಮೈಸೂರ್” ಅನ್ನೋದು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ನಿಮ್ಮ ಮನೆಯಲ್ಲಿ ಇದೇ ತಟ್ಟೆಯ ಇನ್ನೊಂದು ಪ್ರತಿ ಇರಬಹುದು. ಅಜ್ಜಿಯ ತಾಯಿ ಹಾಡುತ್ತಿದ್ದರಂತೆ, ಒಂದು ಸಲ ರೆಕಾರ್ಡ್ ಕೊಟ್ಟಿದ್ದರಂತೆ ಅಂತ ಮನೆಯಲ್ಲಿ ಮಾತು ಇರಬಹುದು. ಗೊತ್ತಿದ್ದವರು ದಯವಿಟ್ಟು ಇದೇ ಅಂಕಣಕ್ಕೆ ಬರೆಯಿರಿ. ತಟ್ಟೆಯನ್ನು ಬೇರೆ ಇಟ್ಟಿದ್ದೇನೆ, ಕವರ್ ಮೇಲೆ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.

ಇಂತಿ,
ಒಬ್ಬ ಓದುಗ, ಮೈಸೂರು